ಗಾಜಿನ ಬಲ ಅಂಚು

ಫೆಬ್ರವರಿ ೯

ನಾದಿನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ನೀನು ಇದನ್ನು ಒಡೆಯದೆ ಒಂದೆರಡು ದಿನ ಮೇಜಿನ ಮೇಲೆ ಬಿಸಾಕಿರುತ್ತೀಯ ಎಂದು ಗೊತ್ತು. ಪರವಾಗಿಲ್ಲ. ಕೆಟ್ಟ ಸುದ್ದಿ ಏನೂ ಇಲ್ಲ. ಒಳಗೆ ಮೂರು ಫೋಟೋ ಇವೆ, ಅಷ್ಟೇ.

ನಿನ್ನ ಅಣ್ಣ ಹೋಗಿ ವರ್ಷವಾಯಿತು. ಆ ದಿನ ನೀನು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಟುಹೋದೆ. 'ನೀರು ಕುಡೀತೀಯಾ?' 'ಬೇಡ.' ನಮ್ಮಿಬ್ಬರ ನಡುವೆ ಆದದ್ದು ಇಷ್ಟೇ ಮಾತು. ಅದನ್ನು ಕೆದಕಲು ಬರೆಯುತ್ತಿಲ್ಲ. ಕಳೆದ ತಿಂಗಳು ಬೀರು ಒರೆಸುವಾಗ ಅವರ ಕ್ಯಾಮೆರಾ ಕೈಗೆ ಬಂತು. ಚೀಲದಲ್ಲಿ ಅವಧಿ ಮೀರಿದ ಒಂದು ಫಿಲ್ಮ್ ರೋಲೂ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ನನ್ನ ಸೊಂಟ ಹಿಡಿದುಹೋಗಿದೆ. ಡಾಕ್ಟರು 'ಸಂಜೆ ಹೊತ್ತು ಸ್ವಲ್ಪ ನಡೀರಿ' ಅಂದಿದ್ದಾರೆ. ಸುಮ್ಮನೆ ಕೈಬೀಸಿಕೊಂಡು ನಡೆಯುವುದು ನನ್ನಿಂದಾಗದು. ರೋಲು ಹಾಕಿ ಕ್ಯಾಮೆರಾವನ್ನು ಕೊರಳಿಗೆ ತಗುಲಿಸಿಕೊಂಡು ಹೊರಟೆ.

ಮೊದಲನೆಯದು ಗಡಿಯಾರ ರಿಪೇರಿಯವನು, ಮಳೆ ನಿಂತ ಮೇಲೆ. ಎರಡನೆಯದು ಬ್ರೆಡ್ಡಿನ ಅಂಗಡಿಯ ಗಾಜು. ಮೂರನೆಯದು ನಮ್ಮ ಮಹಡಿಯ ಅಜ್ಜಿ, ಮೆಟ್ಟಿಲ ಮೇಲೆ. ಕಣ್ಣಿಗೆ ಕಂಡಾಗ ಮೂರೂ ಚೆನ್ನಾಗಿದ್ದವು. ತೊಳೆಸಿ ತಂದಾಗ ಸಪ್ಪೆ. ತಪ್ಪೆಲ್ಲಿ ಎಂದು ಕೇಳಲು ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ? ನಿನ್ನ ಅಣ್ಣನ ಫೋಟೋ ಸ್ಟುಡಿಯೋದಲ್ಲಿ ಲಂಗ ತೊಡುವ ವಯಸ್ಸಿನಿಂದ ಬ್ಲೇಡು ಹಿಡಿದು ಪ್ರಿಂಟು ಕತ್ತರಿಸಿದವಳು ನೀನು. ಕಾಗದ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ, ಫೋಟೋದ ಬೆನ್ನ ಮೇಲೆ ಗೀಟು ಎಳೆದು ಕಳಿಸು.

ಇಂತಿ,
ಅತ್ತಿಗೆ


ಫೆಬ್ರವರಿ ೨೮

ಅತ್ತಿಗೆಯವರಿಗೆ,

ಬೆನ್ನ ಮೇಲೆ ಗೀಟು ಎಳೆದರೆ ಮುಂದಕ್ಕೆ ಅಚ್ಚು ಬೀಳುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನೀವು ತೆಗೆದದ್ದು ಗಡಿಯಾರದವನನ್ನೋ, ಅವನ ಪಕ್ಕದ ಕಸದ ಡಬ್ಬಿಯನ್ನೋ? ಡಬ್ಬಿಯೇ ಯಜಮಾನನ ಹಾಗೆ ನಿಂತಿದೆ. ಮೇಲಿನ ಅರ್ಧ ಬರೀ ಬೋಳು ಆಕಾಶ. ಆದರೆ ಅವನ ಕಾಲಬುಡದ ಮಳೆನೀರನ್ನು ನೋಡಿ. ಅಂಗಡಿಯ ಗಡಿಯಾರಗಳೆಲ್ಲ ಅದರಲ್ಲಿ ತಲೆಕೆಳಗಾಗಿ ನೇತಾಡುತ್ತಿವೆ. ಫೋಟೋ ಇದ್ದದ್ದು ಅಲ್ಲಿ. ನೀವು ನಿಂತೇ ತೆಗೆದಿದ್ದೀರಿ, ಅದಕ್ಕೇ ಅದು ಅಂಗೈಯಷ್ಟು ಮಾತ್ರ ಬಂದಿದೆ. ನೀರಿನ ಮಟ್ಟಕ್ಕೆ ಬಗ್ಗಿದಷ್ಟೂ ಪ್ರತಿಬಿಂಬ ದೊಡ್ಡದಾಗುತ್ತದೆ.

ಬ್ರೆಡ್ಡಿನ ಅಂಗಡಿಯದು ಕಲಸುಮೇಲೋಗರ. ಒಳಗಿನ ಬ್ರೆಡ್ಡೂ ಕಾಣಬೇಕು, ಹೊರಗಿನ ಬೀದಿಯೂ ಕಾಣಬೇಕು ಎಂದರೆ ಎರಡೂ ಕಾಣುವುದಿಲ್ಲ. ಅಜ್ಜಿಯದು ಅಡ್ಡಿಯಿಲ್ಲ. ಎಡಗಡೆಯ ಗೋಡೆ ತೆಗೆದರೆ ಅಜ್ಜಿ ಉಳಿಯುತ್ತಾರೆ.

ದಪ್ಪ ರಟ್ಟಿನಲ್ಲಿ ಎಲ್ ಆಕಾರದ ಎರಡು ತುಂಡು ಮಾಡಿಕೊಳ್ಳಿ. ಒಂದರ ಮೇಲೊಂದಿಟ್ಟು ಚೌಕಟ್ಟು ಮಾಡಿ ಫೋಟೋದ ಮೇಲೆ ಸರಿಸುತ್ತಾ ಹೋಗಿ. ಬೇಡದ್ದೆಲ್ಲ ಹೊರಗುಳಿದು ಒಂದು ಜಾಗದಲ್ಲಿ ಕೈ ತಾನಾಗಿ ನಿಲ್ಲುತ್ತದೆ. ಅಲ್ಲಿ ಕತ್ತರಿಸಬೇಕು. ನಿಮಗೆ ಕತ್ತರಿ ಹೊಸದೇನಲ್ಲ. ಇಡೀ ಸ್ಟುಡಿಯೋವನ್ನೇ ಕತ್ತರಿಸಿ ಮಾರಿಸಿದವರು.

ನಾನು ಈಗಲೂ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲೇ ಇದ್ದೇನೆ. ಇಲ್ಲಿ ಕತ್ತರಿಸುವ ಕೆಲಸವಿಲ್ಲ, ಮೂಳೆ ಹೇಗಿದೆಯೋ ಹಾಗೆ ಬರುತ್ತದೆ. ಒಂದು ಮಾತು ಹೇಳಲೇಬೇಕು. ನಿಮ್ಮ ಕೈ ಒಂದು ಚೂರೂ ಅಲುಗಿಲ್ಲ. ಹೊಸಬರಿಗೆ ಇಂಥ ಕೈ ಇರುವುದಿಲ್ಲ.

ಇಂತಿ,
ನಾದಿನಿ


ಮಾರ್ಚ್ ೧೭

ನಾದಿನಿಗೆ,

ನೀನು ಬರೆದೆ. ಬೈದಾದರೂ ಬರೆದೆಯಲ್ಲ.

ಗಿರಾಕಿಯ ಸೂಟು ಬಂದ ಡಬ್ಬದ ರಟ್ಟಿನಲ್ಲಿ ಎಲ್‌ಗಳನ್ನು ಮಾಡಿಕೊಂಡೆ. ಮೀಟರುಗಟ್ಟಲೆ ಬಟ್ಟೆಯನ್ನು ಕಣ್ಣುಮುಚ್ಚಿ ಕತ್ತರಿಸುವ ನನಗೆ ಅಂಗೈಯಗಲದ ಕಾಗದ ಕತ್ತರಿಸಲು ಕೈ ಬರಲಿಲ್ಲ ನೋಡು. ಬಟ್ಟೆಯಾದರೆ ಉಳಿದ ಚೂರು ಕಾಲರಿಗೋ ಜೇಬಿಗೋ ಆಗುತ್ತದೆ. ಫೋಟೋದಲ್ಲಿ ಕತ್ತರಿಸಿದ ಮನುಷ್ಯನನ್ನು ಎಲ್ಲಿಗೆ ಜೋಡಿಸಲಿ? ಆದರೂ ಅಜ್ಜಿಯ ಎಡಗಡೆಯ ಗೋಡೆ ತೆಗೆದೆ. ಅಜ್ಜಿ ಮುಂದಕ್ಕೆ ಬಂದು ಕೂತಂತಾಯಿತು. ಅವರಿಗೇ ತೋರಿಸಿದೆ. 'ಬಾಡಿಗೆಗೆ ಕೊಟ್ಟ ಗೋಡೆ ಕತ್ತರಿಸೋಕೆ ಯಾರನ್ನ ಕೇಳಿದ್ರಿ?' ಎಂದು ನಕ್ಕರು.

ಮೊನ್ನೆ ಮತ್ತೆ ಮಳೆಯಾಯಿತು. ಗಡಿಯಾರದವನ ಅಂಗಡಿಗೆ ಓಡಿದೆ. ನೀರಿನ ಮಟ್ಟಕ್ಕೆ ಬಗ್ಗು ಅಂದೆಯಲ್ಲ, ಮೊಣಕಾಲೂರಿ, ಮೊಣಕೈ ಊರಿ, ಕೆನ್ನೆ ಹೆಚ್ಚುಕಡಿಮೆ ನೆಲಕ್ಕೆ ತಾಗುವ ಹಾಗೆ ಬಗ್ಗಿದೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ಓಡಿಬಂದು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿಬಿಟ್ಟರು. 'ಬಿದ್ದಿಲ್ಲ ಕಣ್ರಪ್ಪಾ, ಫೋಟೋ ತೆಗೀತಿದೀನಿ' ಅಂದರೆ ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ ಹೇಳಿದ: 'ತಲೆಗೆ ಪೆಟ್ಟು ಬಿದ್ದಿರಬೇಕು.' ಗಡಿಯಾರದವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗಲೇ ತೆಗೆದೆ. ಇದರ ಜೊತೆ ಇಟ್ಟಿದ್ದೇನೆ. ಕಸದ ಡಬ್ಬಿ ಈ ಸಲ ಇಲ್ಲ.

ಅವನ ನಗು ನೋಡುವಾಗ ನಮ್ಮ ಬಾಡಿಗೆ ಕೋಟು ನೆನಪಾಯಿತು. ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ನರಪೇತಲನಿಗೂ ಅದೇ, ಡೊಳ್ಳುಹೊಟ್ಟೆಯವನಿಗೂ ಅದೇ. ಬೆನ್ನ ಮಧ್ಯದಲ್ಲಿ ನಾನು ಹೊಲಿಗೆ ಬಿಚ್ಚಿ ಇಟ್ಟಿದ್ದೆ. ಡೊಳ್ಳುಹೊಟ್ಟೆಗೆ ಅದನ್ನು ಹಾಗೇ ಬಿಡುವುದು, ನರಪೇತಲನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿಯುವುದು. ಮುಂದಿನಿಂದ ಎಲ್ಲರೂ ಸಾಹೇಬರು. ಒಮ್ಮೆ ಒಬ್ಬ ವರ ಫೋಟೋ ತೆಗೆಸಿಕೊಂಡ ಸಂಭ್ರಮದಲ್ಲಿ ಕ್ಲಿಪ್ಪಿನ ಸಮೇತ ಬೀದಿಗಿಳಿದು ಹೋಗಿದ್ದು ನೆನಪಿದೆಯಾ? ನೀನು ಹಿಂದೆ ಓಡಿದ್ದೆ.

ಇಂತಿ,
ಅತ್ತಿಗೆ


ಏಪ್ರಿಲ್ ೪

ಅತ್ತಿಗೆ,

ನೆನಪಿಲ್ಲದೆ ಏನು! ಅವನ ಬೆನ್ನಲ್ಲಿ ಎಂಟು ಕ್ಲಿಪ್ಪು ಮುಳ್ಳುಹಂದಿಯ ಹಾಗೆ ನಿಂತಿದ್ದವು. ನಾನು 'ರೀ, ಕೋಟು!' ಎಂದು ಕೂಗಿದರೆ ಅವನು ಇನ್ನೂ ಜೋರಾಗಿ ನಡೆದ. ಸಾಲ ಕೇಳುವವಳು ಅಂದುಕೊಂಡನೋ ಏನೋ. ವಾಪಸು ತಂದಾಗ ಅಣ್ಣ ಕತ್ತಲೆಕೋಣೆಯೊಳಗೆ ಕೂತು ಸದ್ದಿಲ್ಲದೆ ನಗುತ್ತಿದ್ದ. ಕೆಂಪು ದೀಪದಲ್ಲಿ ಅವನ ಹಲ್ಲು ಮಾತ್ರ ಕಾಣುತ್ತಿತ್ತು.

ಗಡಿಯಾರದವನ ಫೋಟೋ ಚೆನ್ನಾಗಿದೆ. ನಾನು ಸುಲಭಕ್ಕೆ ಹಾಗೆ ಹೇಳುವವಳಲ್ಲ, ನಿಮಗೆ ಗೊತ್ತು. ಕೆಳಗಿನಿಂದ ಎರಡು ಬೆರಳಿನಷ್ಟು ಕಲ್ಲು ತೆಗೆಯಿರಿ. ಆಗ ಮೊದಲು ನೀರಿನೊಳಗಿನ ನಗು ಕಾಣುತ್ತದೆ, ಆಮೇಲೆ ಮೇಲಿನದು. ಗಾಜು ತೆಗೆಯುವಾಗ ಇನ್ನೊಂದು ವಿಷಯ ಗಮನಿಸಿ: ಗಾಜಿನ ಹಿಂದೆ ಕತ್ತಲಿದ್ದರೆ ಗಾಜು ಕನ್ನಡಿಯಾಗುತ್ತದೆ, ಬೆಳಕಿದ್ದರೆ ಕಿಟಕಿಯಾಗುತ್ತದೆ. ಯಾವುದು ಬೇಕೆಂದು ನೀವು ಮೊದಲೇ ತೀರ್ಮಾನಿಸಬೇಕು. ಪ್ರತಿಬಿಂಬ ಬೇಕಿದ್ದರೆ ಗಾಜಿಗಲ್ಲ, ಅದರಲ್ಲಿ ಕಾಣುವ ಆಳಕ್ಕೆ ಫೋಕಸ್ ಮಾಡಿ.

ನನಗೆ ಇದನ್ನೆಲ್ಲ ಹೇಳಿಕೊಟ್ಟವನು ಅಣ್ಣನೇ. ಮೊದಮೊದಲು ನಾನು ಹೆದರಿ ಹೆದರಿ ಅಂಚು ಮಾತ್ರ ಸವರುತ್ತಿದ್ದೆ. 'ಉಗುರು ಕತ್ತರಿಸ್ತಿದೀಯೇನೇ? ಧೈರ್ಯವಾಗಿ ಹಾಕು' ಅನ್ನುತ್ತಿದ್ದ. ಆಮೇಲೆ ನನ್ನ ಧೈರ್ಯ ಎಲ್ಲಿಗೆ ಹೋಯಿತೆಂದರೆ ಯಾರದೋ ಮನೆಯ ಗುಂಪು ಫೋಟೋದಲ್ಲಿ ತುದಿಗೆ ನಿಂತ ಮಾವನನ್ನೇ ಹಾರಿಸಿಬಿಟ್ಟೆ. ಅಂದಿನಿಂದ ನನ್ನ ಹೆಸರು 'ಬ್ಲೇಡು'. ಬಾಯಿ ಮುಚ್ಚದೆ ಮಾತಾಡುತ್ತಿದ್ದುದಕ್ಕೂ ಅದೇ ಹೆಸರು ಸರಿಹೋಯಿತು.

ಈಗ ಒಂದು ಕೇಳಿಕೆ. ಸ್ಟುಡಿಯೋ ಮುಚ್ಚಿದಾಗ ಅಣ್ಣ ಪ್ರಿಂಟು ಹಾಕುವ ಎನ್‌ಲಾರ್ಜರನ್ನು ಲಾರಿಗೆ ಹಾಕಿ ನನಗೆ ಕಳಿಸಿದ. ನಾನು ಸಿಟ್ಟಿನಲ್ಲಿ ತಲುಪಿತೆಂದೂ ಬರೆಯಲಿಲ್ಲ. ಅದು ಆಸ್ಪತ್ರೆಯ ಕತ್ತಲೆಕೋಣೆಯ ಮೂಲೆಯಲ್ಲಿದೆ. ಎಕ್ಸ್-ರೇ ಎಲ್ಲ ಕಂಪ್ಯೂಟರಿಗೆ ಹೋಗುತ್ತಿದೆ, ಬೇಸಿಗೆ ಕಳೆಯುತ್ತಲೂ ಆ ಕೋಣೆಯನ್ನು ಒಡೆಯುತ್ತಾರೆ. ಅಷ್ಟರೊಳಗೆ ಅಣ್ಣನ ಕೆಲಸದಲ್ಲಿ ಒಂದಿಷ್ಟನ್ನು ನನ್ನ ಕೈಯಾರೆ ದೊಡ್ಡದಾಗಿ ಪ್ರಿಂಟು ಹಾಕಬೇಕು ಎಂದು ಆಸೆ. ನೆಗೆಟಿವ್‌ಗಳ ಟ್ರಂಕು ಇದೆಯಲ್ಲ? ನಾನು ಊರು ಬಿಟ್ಟ ಮೇಲಿನವು, ಅದರಲ್ಲೂ ಕೊನೆಯ ಎರಡು ವರ್ಷದವು ಬೇಕು. ಅವನ್ನು ನಾನು ನೋಡಿಯೇ ಇಲ್ಲ.

ನಾದಿನಿ


ಏಪ್ರಿಲ್ ೨೨

ಪ್ರೀತಿಯ ಬ್ಲೇಡು,

ನೀನೇ ಬರೆದ ಮೇಲೆ ನಾನೂ ಆ ಹೆಸರು ಹಿಡಿದೆ, ಸಿಟ್ಟಾಗಬೇಡ.

ಟ್ರಂಕು ಇದೆ. ಹಳೆಯ ನೆಗೆಟಿವ್‌ಗಳನ್ನು ಪಾರ್ಸೆಲ್ ಮಾಡಿದ್ದೇನೆ. ಶಾಲೆಯ ಗುಂಪು ಫೋಟೋಗಳು, ಹಳೆ ಸೇತುವೆ, ನೀನು ಪರದೆಯ ಮುಂದೆ ಸೈಕಲ್ ಹತ್ತಿ ನಿಂತದ್ದು, ಎಲ್ಲ ಅದರಲ್ಲಿವೆ. ಕೊನೆಯ ಎರಡು ವರ್ಷದವಕ್ಕೆ ತೇವ ಹಿಡಿದಂತಿದೆ. ಅವುಗಳಲ್ಲಿ ಅಂಥದ್ದೇನೂ ಇಲ್ಲ, ಬರೀ ಪಾಸ್‌ಪೋರ್ಟ್ ಫೋಟೋಗಳು. ಅದಕ್ಕೆ ಕಣ್ಣು ಹಾಳುಮಾಡಿಕೊಳ್ಳುವುದು ಯಾಕೆ?

ಬ್ರೆಡ್ಡಿನ ಅಂಗಡಿಯದನ್ನು ಮತ್ತೆ ತೆಗೆದೆ. ಗಾಜಿನ ಹಿಂದೆ ಅವರ ಕರಿ ಪರದೆ ಇಳಿಸಿದ್ದಾಗ ಹೋದೆ. ಎದುರಿನ ಶಾಲೆ ಬಿಟ್ಟ ಮಕ್ಕಳೆಲ್ಲ ಗಾಜಿನೊಳಗೆ ಬಂದರು. ಎಲ್ಲಿ ಕತ್ತರಿಸಲಿ, ಹೇಳು.

ನಿನ್ನ,
ಅತ್ತಿಗೆ


ಮೇ ೩

ಅತ್ತಿಗೆ,

ಮಕ್ಕಳ ಫೋಟೋಗೆ ಬಲಗಡೆ ಆ ಮರದ ಅರ್ಧ ಬೇಡ. ಉಳಿದದ್ದೆಲ್ಲ ಇರಲಿ.

ತೇವ ಹಿಡಿದದ್ದನ್ನು ಒರೆಸಿ ಸರಿಮಾಡುವುದೇ ನನ್ನ ಕಸುಬು. ಪಾಸ್‌ಪೋರ್ಟ್ ಫೋಟೋವಾದರೂ ಅವನು ಕ್ಲಿಕ್ ಮಾಡಿದ್ದಲ್ಲವೇ? ನೀವು ಕಳಿಸದಿದ್ದರೆ ಏನೆಂದುಕೊಳ್ಳಲಿ? ಸ್ಟುಡಿಯೋ ಹೋಯಿತು, ಅವನೂ ಹೋದ. ಇದನ್ನಾದರೂ ನನಗೆ ಬಿಟ್ಟುಕೊಡಿ.

ನಾದಿನಿ


ಮೇ ೧೫

ಕಳಿಸಿದ್ದೇನೆ. ಎಲ್ಲವನ್ನೂ.

ಅತ್ತಿಗೆ


ಜೂನ್ ೨

ಅತ್ತಿಗೆ,

ಕರೆಂಟು ಹೋದ ದಿನ ಒಬ್ಬ ಹುಡುಗಿಯನ್ನು ಸ್ಟುಡಿಯೋದ ಹೊರಗೆ, ನಮ್ಮ ಷೋಕೇಸಿನ ಪಕ್ಕ ನಿಲ್ಲಿಸಿ ತೆಗೆದ ಫೋಟೋ ಇದೆ. ಹೊಸ ನರ್ಸು ಇರಬೇಕು, ಸಮವಸ್ತ್ರದಲ್ಲಿದ್ದಾಳೆ. ಜೊತೆಗೆ ಇದ್ದ ಮಾದರಿ ಪ್ರಿಂಟಿನಲ್ಲಿ ಹುಡುಗಿ ಮಾತ್ರ ಇದ್ದಾಳೆ, ನೆಗೆಟಿವ್‌ನಲ್ಲಿ ಗಾಜೂ ಇದೆ. ಪೂರ್ತಿಯಾಗಿ ಹಾಕೋಣವೆಂದು ಕಾಗದವನ್ನು ದ್ರಾವಣದಲ್ಲಿ ಮುಳುಗಿಸಿ ನೋಡುತ್ತಾ ನಿಂತಿದ್ದೆ. ಗಾಜಿನ ಬಲ ಅಂಚಿನಲ್ಲಿ ಅಣ್ಣ ಮೂಡಿದ. ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ 'ಅಯ್ಯೋ ಬಂದ, ಬಂದ!' ಎಂದು ಕೂಗಿದೆ. ಹೊರಗೆ ಕಾಯುತ್ತಿದ್ದ ರೋಗಿ ಒಳಗೆ ಕರೆದರೆಂದು ಬಾಗಿಲು ಬಡಿದ.

ಆಮೇಲೆ ನೋಡಿದೆ, ಅವನ ಕೈಯಲ್ಲಿ ಕ್ಯಾಮೆರಾ ಇಲ್ಲ. ಕ್ಯಾಮೆರಾಕ್ಕೆ ಕಣ್ಣಿಟ್ಟು ನಿಂತಿರುವುದು ನೀನು. ಅವನು ಪಕ್ಕದಲ್ಲಿ ನಿಂತು ಎಡಗೈಯಲ್ಲಿ ನಿನ್ನ ಮೊಣಕೈ ಹಿಡಿದಿದ್ದಾನೆ. ಬಲಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಾನೆ, ಹಕ್ಕಿಮರಿ ಹಾರಿಹೋಗುತ್ತದೋ ಎಂಬ ಹಾಗೆ.

ಉಳಿದವನ್ನೆಲ್ಲ ತೆಗೆದು ಕೂತೆ. ಮೇಷ್ಟ್ರ ಕನ್ನಡಕದಲ್ಲಿ ಹುಡುಕಿದೆ, ಮೇಜಿನ ಮೇಲಿನ ಉಕ್ಕಿನ ಜಗ್ಗಿನಲ್ಲಿ ಹುಡುಕಿದೆ, ತಲೆ ಬಾಚುವ ಕನ್ನಡಿಯಲ್ಲಿ ಹುಡುಕಿದೆ. ಎಲ್ಲೆಲ್ಲಿ ಫಳ್ಳೆನ್ನುವ ವಸ್ತು ಇದೆಯೋ ಅಲ್ಲೆಲ್ಲ ಕ್ಯಾಮೆರಾದ ಹಿಂದೆ ನೀನೇ. ಪ್ರಿಂಟುಗಳಲ್ಲಿ ಅದಷ್ಟನ್ನೂ ಇಬ್ಬರೂ ಸೇರಿ ಅಚ್ಚುಕಟ್ಟಾಗಿ ಕತ್ತರಿಸಿದ್ದೀರಿ.

ನಾನು ದಿನಕ್ಕೆ ಎಷ್ಟು ನಡುಗುವ ಕೈಗಳನ್ನು ಪ್ಲೇಟಿನ ಮೇಲೆ ಮರಳಿನ ಚೀಲವಿಟ್ಟು ಹಿಡಿದು ಎಕ್ಸ್-ರೇ ತೆಗೆಯುತ್ತೇನೆ ಗೊತ್ತಾ ನಿನಗೆ? ಆಗ ನಾನು ಬಂದಾಗಲೆಲ್ಲ ಅಣ್ಣ 'ಇವತ್ತು ಸ್ಟುಡಿಯೋ ರಜೆ' ಅನ್ನುತ್ತಿದ್ದ. ಯಾವಾಗಲೂ ಕೈ ಪ್ಯಾಂಟಿನ ಜೇಬಿನಲ್ಲಿ. ಚಹಾ ಕೊಟ್ಟರೆ 'ಆರಲಿ ಬಿಡು' ಅಂತ ಮುಟ್ಟುತ್ತಿರಲಿಲ್ಲ. ನನ್ನ ಮೇಲೆ ಏನೋ ಬೇಜಾರೆಂದು ತಿಳಿದು ನಾನೇ ಬರುವುದನ್ನು ಕಡಿಮೆ ಮಾಡಿದೆ. ಕೊನೆಗೆ ನೀನು ಫೋನಿನಲ್ಲಿ 'ನಾನೇ ಮಾರಿಸಿದೆ, ಸಾಕಾಗಿತ್ತು ನಂಗೆ' ಅಂದೆ. ನಂಬಿದೆ. ಇಷ್ಟು ವರ್ಷ ನಿನ್ನನ್ನು ಬೈದುಕೊಂಡೇ ಬದುಕಿದೆ.

ಯಾಕೆ ಹೇಳಲಿಲ್ಲ? ನಾನು ಅವನ ಕೈ ಹಿಡಿದು ಕೂರುತ್ತಿದ್ದೆ. ಏನೂ ಮಾಡಲಾಗದಿದ್ದರೂ ಕೂರುತ್ತಿದ್ದೆ. ಅದನ್ನು ನನ್ನಿಂದ ಕತ್ತರಿಸಲು ನೀನು ಯಾರು?

ಇಷ್ಟುದ್ದ 'ನೀನು' ಎಂದು ಬರೆದುಬಿಟ್ಟಿದ್ದೇನೆ. ತಿದ್ದುವುದಿಲ್ಲ.


ಜೂನ್ ೧೬

ಬ್ಲೇಡು,

'ನೀನು' ಎಂದೇ ಇರಲಿ.

ಒಂದು ಕೂಸಿನ ಫೋಟೋದಿಂದ ಶುರುವಾಯಿತು. ಮೂರು ತಿಂಗಳ ಮಗು. ಐದು ಫೋಟೋ ತೆಗೆದರು, ತೊಳೆದು ನೋಡಿದರೆ ಐದೂ ಕಲಸಿಹೋಗಿದ್ದವು. ತಾಯಿಗೆ 'ಮಗು ಅಲುಗಾಡ್ತಮ್ಮಾ' ಅಂದರು. ಆಕೆ ಪಾಪ 'ಹೌದು ಸಾರ್, ಬಲೇ ತುಂಟ' ಅಂತ ಒಪ್ಪಿಕೊಂಡಳು. ಮಗು ನಿದ್ದೆ ಮಾಡುತ್ತಿತ್ತು. ಆಕೆ ಹೋದ ಮೇಲೆ ಬೆಂಚಿನ ಮೇಲೆ ಕೂತರು. ನಾನು ಮಧ್ಯಾಹ್ನದ ಊಟ ತಂದಿದ್ದೆ. ತಲೆಯೆತ್ತದೆ 'ನಿನ್ನ ಕೈ ತೋರಿಸು' ಅಂದರು. ತೋರಿಸಿದೆ. ಸೂಜಿಗೆ ದಾರ ಪೋಣಿಸುವ ಕೈ, ಗಟ್ಟಿಯಾಗಿತ್ತು. ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು.

ಎಲ್ಲಿ ನಿಲ್ಲಬೇಕು, ಎಷ್ಟು ಬೆಳಕು ಎಂಬುದೆಲ್ಲ ಅವರದೇ. ಮೊಣಕೈ ಹಿಡಿದು 'ಉಸಿರು ಬಿಡು... ಹಾಂ, ಈಗ' ಅನ್ನುತ್ತಿದ್ದರು. ನಾನು ಒತ್ತುತ್ತಿದ್ದೆ. ಏನು ಒತ್ತುತ್ತಿದ್ದೇನೆಂದು ನನಗೆ ತಿಳಿಯುತ್ತಿರಲಿಲ್ಲ. ಗಿರಾಕಿಗಳಿಗೆ 'ನಮ್ಮನೆಯವ್ಳಿಗೆ ಕಲಿಸ್ತಿದೀನಿ' ಅನ್ನುತ್ತಿದ್ದರು. ಎಲ್ಲರೂ ಎಂಥ ಗಂಡ ಎಂದು ಹೊಗಳುವವರೇ. ಎರಡು ವರ್ಷ ಹೀಗೇ ದೂಡಿದೆವು. ಆಮೇಲೆ ಅವರೇ ಮಾರಿದರು. 'ಅವಳಿಗೆ ಗೊತ್ತಾಗ್ಬಾರ್ದು. ಅವಳ ಕಣ್ಣಲ್ಲಿ ನಾನು ಫೋಟೋಗ್ರಾಫರ್ ಆಗೇ ಇರ್ಬೇಕು' ಅಂದರು. ಹಾಗಾದರೆ ಕಾರಣ ಏನು ಹೇಳುವುದು? ನಾನೇ ಕಾರಣವಾದೆ. ಅವರು ಪಕ್ಕದಲ್ಲೇ ನಿಂತಿದ್ದರು, ನಾನು ಆ ಫೋನು ಮಾಡುವಾಗ.

'ನೀನು ಯಾರು' ಅಂತ ನನ್ನನ್ನು ಕೇಳಿದೆ. ಸರಿ, ಕೇಳಿಸಿಕೋ. ನಾನು ಮದುವೆಯಾಗಿ ಬಂದಾಗಿನಿಂದ ಕತ್ತಲೆಕೋಣೆಯ ಬಾಗಿಲ ಹೊರಗೆ ಇದ್ದವಳು. ನೀವಿಬ್ಬರೂ ಒಳಗೆ ಚಿಲಕ ಹಾಕಿಕೊಂಡು ಗಂಟೆಗಟ್ಟಲೆ ನಗುತ್ತಿದ್ದಿರಿ. 'ಏನದು?' ಅಂದರೆ 'ಬೆಳಕು ಬರುತ್ತೆ, ಬಾಗಿಲು ತೆಗೀಬೇಡ' ಎಂದು ಇಬ್ಬರ ದನಿಯೂ ಒಟ್ಟಿಗೆ ಬರುತ್ತಿತ್ತು. ನಾನು ಕ್ಲಿಪ್ಪು ಎಣಿಸುತ್ತಾ ಕೂರುತ್ತಿದ್ದೆ. ಅವರ ಕೈ ನಡುಗಿದ ಮೇಲೆ ನನಗೆ ಆ ಬಾಗಿಲು ತೆರೆಯಿತು. ಅದಕ್ಕೆ ಸಂತೋಷಪಟ್ಟೆ ಅಂದರೆ ನೀನು ನನ್ನನ್ನು ಏನೆಂದುಕೊಂಡರೂ ಸರಿಯೇ. ಆ ಎರಡು ವರ್ಷ ನನ್ನವು.

ಆದರೆ ಒಳಗೆ ಹೋದ ಮೇಲೂ ನಾವು ಇಬ್ಬರೇ ಇರಲಿಲ್ಲ. ಪ್ರತಿ ಪ್ರಿಂಟು ಒಣಗಿದ ಮೇಲೂ ಅವರು ಅದನ್ನು ಮೇಜಿನ ಮೇಲಿಟ್ಟು ಒಂದೇ ಮಾತು ಕೇಳುತ್ತಿದ್ದರು: 'ಅವಳಾಗಿದ್ರೆ ಎಲ್ಲಿ ಕತ್ತರಿಸ್ತಿದ್ಲು?' ನನಗೇನು ಗೊತ್ತು? ಅವರೇ ಬೆರಳಿಟ್ಟು 'ಇಲ್ಲಿ' ಅನ್ನುತ್ತಿದ್ದರು. ಬೆರಳು ನಡುಗುತ್ತಿತ್ತು, ಅದಕ್ಕೆ ಸರಿಯಾಗಿ ಎಲ್ಲಿ ಎಂದು ತಿಳಿಯಲು ಸ್ವಲ್ಪ ಹೊತ್ತು ಕಾಯುತ್ತಿದ್ದೆ.

ಅತ್ತಿಗೆ


ಆಗಸ್ಟ್ ೧೧

ಬ್ಲೇಡು,

ಉತ್ತರ ಬರಲಿಲ್ಲ. ಬರಲೇಬೇಕೆಂದಿಲ್ಲ. ಮಹಡಿಯ ಅಜ್ಜಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಕ್ಸ್-ರೇ ತೆಗೆಸಲು ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಬ್ಬಳು ಅವರ ಕೈಯನ್ನು ಎರಡೂ ಅಂಗೈಯಲ್ಲಿ ಎತ್ತಿ ಪ್ಲೇಟಿನ ಮೇಲೆ ಇಟ್ಟಳು. ಅದನ್ನು ನೋಡಿ ಹೊರಗೆ ಬಂದು ಕೂತೆ, ಒಳಗಿರಲಾಗಲಿಲ್ಲ.

ಅತ್ತಿಗೆ


ಸೆಪ್ಟೆಂಬರ್ ೬

ಅತ್ತಿಗೆ,

ಕತ್ತಲೆಕೋಣೆಯನ್ನು ಒಡೆದರು. ಎನ್‌ಲಾರ್ಜರ್ ಮನೆಯಲ್ಲಿ ನನ್ನ ಮಂಚದ ಪಕ್ಕ ನಿಂತಿದೆ. ಬೆಳಿಗ್ಗೆ ಎದ್ದರೆ ಯಾರೋ ತಲೆಬಗ್ಗಿಸಿ ನಿಂತ ಹಾಗೆ ಕಾಣುತ್ತದೆ.

ಸಿಟ್ಟು ಇನ್ನೂ ಇದೆ. ಅರ್ಧ ನಿನ್ನ ಮೇಲೆ, ಅರ್ಧ ಅವನ ಮೇಲೆ. ಅವನ ಪಾಲಿನದನ್ನು ಎಲ್ಲಿಗೆ ಒಯ್ಯಲಿ? ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಎರಡು ದಿನ ರಜೆ ಹಾಕಿದ್ದೇನೆ. ಸ್ಟುಡಿಯೋ ಇದ್ದ ಜಾಗ ನೋಡಬೇಕು. ಬಸ್ ನಿಲ್ದಾಣಕ್ಕೆ ಬರಬೇಡ, ಅಲ್ಲಿ ಎಲ್ಲರೆದುರು ನನಗೆ ಅಳು ಬಂದರೆ ಕಷ್ಟ.

ನಾದಿನಿ


ಸೆಪ್ಟೆಂಬರ್ ೨೪

ಬ್ಲೇಡು,

ರೋಲು ತೊಳೆಸಿದೆ. ಪ್ರಿಂಟು ಇದರೊಳಗಿದೆ.

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಎರಡು ದಿನ ಜಗಳ ಆಡಿದವರು ನಾವೇನಾ ಅನ್ನಿಸುತ್ತದೆ. ಮಹಡಿಯ ಅಜ್ಜಿ ಕೇಳಿದರು: 'ಅದ್ಯಾರು ಬಂದಿದ್ದು? ಅಷ್ಟು ಜೋರಾಗಿ ಕಿರುಚಾಡ್ತಿದ್ರಿ, ಆಮೇಲೆ ಅಷ್ಟು ಜೋರಾಗಿ ನಗ್ತಿದ್ರಿ.' 'ನನ್ನ ನಾದಿನಿ' ಅಂದೆ. 'ಹಾಗಾದ್ರೆ ಸರಿ' ಅಂದರು.

ನಮ್ಮ ಸ್ಟುಡಿಯೋ ಜಾಗದಲ್ಲಿ ಈಗಿರುವ ಆ ಚಪ್ಪಲಿ ಅಂಗಡಿಯವನ ಮುಖ ನೆನೆದರೆ ಈಗಲೂ ನಗು ಬರುತ್ತದೆ. ನೀನು ಒಳಗೆ ಹೋಗಿ ನಡುಮಧ್ಯ ನಿಂತು ಗೋಡೆ, ಸೂರು, ಮೂಲೆ ಎಲ್ಲ ನೋಡುತ್ತಿದ್ದೆ. ಅವನು 'ಏನ್ ಬೇಕಿತ್ತಮ್ಮಾ?' ಅಂದರೆ, 'ಒಂದು ಫೋಟೋ ತೆಗೆಸ್ಕೋಬೇಕಿತ್ತು' ಅಂದೆಯಲ್ಲ! ಅವನು ನನ್ನ ಕಡೆ ತಿರುಗಿದ. ನನ್ನ ಕೊರಳಲ್ಲಿ ಕ್ಯಾಮೆರಾ ಬೇರೆ ನೇತಾಡುತ್ತಿತ್ತು. ಅವನಿಗೆ ಏನೂ ಹೊಳೆಯದೆ 'ಕೂತ್ಕೊಳ್ಳಿ, ಅಳತೆ ನೋಡ್ತೀನಿ' ಎಂದ. ಸ್ಟೂಲು ಹಾಕಿದ್ದು ನಮ್ಮ ಬೆಟ್ಟಗುಡ್ಡದ ಚಿತ್ರದ ಪರದೆ ನೇತಾಡುತ್ತಿದ್ದ ಗೋಡೆಗೆ ಸರಿಯಾಗಿ. ನೀನು ಕೂತೆ. ಬೇಡದಿದ್ದರೂ ಕಂದು ಬಣ್ಣದ ಜೋಡಿ ಮೆಟ್ಟಿ ನೋಡಿದೆ. ಕಾಲು ನೋಡಿಕೊಳ್ಳಲು ನೆಲದ ಮೇಲೆ ಓರೆಯಾಗಿ ಇಟ್ಟ ಆ ಗಿಡ್ಡ ಕನ್ನಡಿಯಲ್ಲಿ ನಿನ್ನ ಪಾದ ಬಂತು. ಪಕ್ಕದಲ್ಲಿ ನನ್ನದೂ ಬಂತು. ನೀನು 'ಅತ್ತಿಗೆ, ಬಗ್ಗು' ಅಂದೆ. ಬಗ್ಗಿದೆ. ಯಾರೂ ಮೊಣಕೈ ಹಿಡಿದಿರಲಿಲ್ಲ. ಉಸಿರು ಬಿಟ್ಟು ನಾನೇ 'ಈಗ' ಅಂದುಕೊಂಡೆ.

ಆದರೆ ಫೋಟೋದಲ್ಲಿ ಏನೇನೋ ಬಂದುಬಿಟ್ಟಿದೆ. ಬೆಲೆ ಚೀಟಿಗಳು, ಅಂಗಡಿಯವನ ಮೊಣಕೈ, ಕನ್ನಡಿಯ ಮೇಲಿನ ಕಂಪನಿ ಹೆಸರು. ನಾನು ರಟ್ಟು ಇಟ್ಟು ನೋಡಿದೆ, ನನ್ನಿಂದಾಗಲಿಲ್ಲ. ನೀನೇ ನೋಡು.

ನಿನ್ನ,
ಅತ್ತಿಗೆ


ಅಕ್ಟೋಬರ್ ೭

ಅತ್ತಿಗೆ,

ಮೂರು ಸಂಜೆ ಅದನ್ನೇ ಎದುರಿಗಿಟ್ಟುಕೊಂಡು ಕೂತೆ. ನಾಲ್ಕನೆಯ ಸಂಜೆ ಕತ್ತರಿಸಿದೆ. ಬೆಲೆ ಚೀಟಿ ಹೋಯಿತು, ಅಂಗಡಿಯವನ ಮೊಣಕೈ ಹೋಯಿತು, ಕಂಪನಿ ಹೆಸರೂ ಹೋಯಿತು. ಕನ್ನಡಿಯ ಚೌಕಟ್ಟನ್ನೂ ಬಿಡಲಿಲ್ಲ. ಅದಿದ್ದರೆ ಇದು ಕನ್ನಡಿಯೊಳಗಿನದು ಎಂದು ನೋಡಿದವರಿಗೆ ತಕ್ಷಣ ತಿಳಿದುಹೋಗುತ್ತದೆ. ಈಗ ಒಂದು ಕ್ಷಣ ತಡೆದು ತಿಳಿಯುತ್ತದೆ. ಮೀನಖಂಡದ ಅರ್ಧಕ್ಕೆ ನಿಲ್ಲಿಸಿದ್ದೇನೆ. ಗಂಟಿಗೆ ಸರಿಯಾಗಿ ಕತ್ತರಿಸಿದರೆ ಕಾಲು ಮುರಿದಂತೆ ಕಾಣುತ್ತದೆ. ನಿನ್ನ ಎಡಗಾಲಿನ ಹೆಬ್ಬೆರಳು ಸ್ವಲ್ಪ ಮೇಲೆದ್ದಿದೆ, ಬಗ್ಗಿ ನಿಂತಿದ್ದರಿಂದ. ಇಡೀ ಫೋಟೋಗೆ ಜೀವ ಬಂದಿರುವುದು ಅದರಿಂದ.

ಎಕ್ಸ್-ರೇ ಕೋಣೆಯ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಹೊಸ ಹುಡುಗಿಯರು 'ಇದ್ಯಾರ ಕಾಲು ಮೇಡಂ? ಮೂಳೆ ಕಾಣ್ತಿಲ್ವಲ್ಲ' ಎಂದು ತಮಾಷೆ ಮಾಡುತ್ತಾರೆ. ನಮ್ಮ ಸ್ಟುಡಿಯೋದಲ್ಲಿ ತೆಗೆದದ್ದು ಎಂದು ಹೇಳಿದೆ. ಯಾವ ಸ್ಟುಡಿಯೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ತುಂಬ ಇತ್ತು.

ಅಣ್ಣನ ಮೇಲಿನ ಸಿಟ್ಟಿಗೆ ಇನ್ನೂ ಜಾಗ ಸಿಕ್ಕಿಲ್ಲ. ಆದರೆ ನಿನ್ನ ಮೇಲಿನದು, ನೀನು ನೆಲಕ್ಕೆ ಬಗ್ಗಿದಾಗ ಆ ಅಂಗಡಿಯವನು 'ಅಯ್ಯೋ ಬಿದ್ರು!' ಎಂದು ಓಡಿಬಂದನಲ್ಲ, ಆಗಲೇ ಅರ್ಧ ಹೋಯಿತು.

ಅವತ್ತು ಕೊಂಡುಕೊಂಡ ಆ ಕಂದು ಚಪ್ಪಲಿ ಕಚ್ಚುತ್ತಿದೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಮೆಟ್ಟಿ ಹಳತಾಗಿದ್ದರೂ ಬದಲಾಯಿಸಿ ಕೊಡುತ್ತಾನಾ ಕೇಳಿಡು. ಮುಂದಿನ ತಿಂಗಳ ಮೊದಲ ಶನಿವಾರ ಬರುತ್ತೇನೆ. ಅವನು ಒಪ್ಪದಿದ್ದರೂ ಬರುತ್ತೇನೆ.

ನಿನ್ನ,
ನಾದಿನಿ